ಜಗಲಿಯಲ್ಲಿ ಚಾರ್ಜಿಗಿಟ್ಟ ಬ್ಯಾಟರಿ

ನೀವು ಇನ್ನೊಬ್ಬರಿಗೆ ಮಾಡಿದ ಉಪಕಾರವು ಅವರಿಗೆ ನಿಜವಾಗಿ ಒದಗಿತೇ ಎಂದು, ಮಾಡಿದ ಮೇಲೆ ಒಮ್ಮೆಯಾದರೂ ಅವರ ಮನೆಯ ತನಕ ನಡೆದುಹೋಗಿ ವಿಚಾರಿಸಿದ್ದೀರಾ?

ನಾನು ವಿಚಾರಿಸಿರಲಿಲ್ಲ. ವಿಚಾರಿಸುವ ಮೊದಲೇ ಆ ಉಪಕಾರದ ಕುರಿತು ಎರಡು ಮೂರು ಸಭೆಗಳಲ್ಲಿ ಮಾತನಾಡಿಯೂ ಆಗಿತ್ತು. ಈಚೆಗೆ ಪರಿಚಯದವರೊಬ್ಬರು ವಿದ್ಯುತ್ ಕಾರು ಕೊಂಡು, ಅದಕ್ಕೆ ಚಾರ್ಜು ತುಂಬುವ ಪೆಟ್ಟಿಗೆಯನ್ನು ಮನೆಯ ಗೋಡೆಗೆ ಕೂರಿಸುವ ದಿನ ನನ್ನನ್ನೂ ಕರೆದಿದ್ದರು. ವೈರ್‌ಮನ್ ಅರ್ತಿಂಗಿನ ಗುಂಡಿಗೆ ಇದ್ದಿಲು ಮತ್ತು ಉಪ್ಪು ತುಂಬಿ ನೀರು ಹೊಯ್ಯುತ್ತಿದ್ದ. ಅದನ್ನು ನೋಡುತ್ತ ನಿಂತಿದ್ದಾಗ, ಎಂಬತ್ತನೆಯ ಇಸವಿಯ ಆಸುಪಾಸಿನಲ್ಲಿ ನಮ್ಮ ಮನೆಯ ಜಗಲಿಯಲ್ಲಿ ನಾನೇ ಸ್ಥಾಪಿಸಿದ್ದ ಒಂದು ಚಾರ್ಜಿಂಗ್ ಕೇಂದ್ರ ನೆನಪಿಗೆ ಬಂತು. ಅದರಿಂದಾಗಿ ಒಬ್ಬ ಹುಡುಗಿ ಕಳೆದುಕೊಂಡದ್ದೂ ನೆನಪಿಗೆ ಬಂತು.

ನಾನು ಆಗ ಶಿರ್ತಾಡಿಯಿಂದ ಎರಡು ಮೈಲಿ ದೂರದ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಅಧ್ಯಾಪಕನಾಗಿದ್ದೆ. ಮಂಗಳೂರಿನಲ್ಲಿ ಕಾಲೇಜು ಓದುವಾಗ ಚರ್ಚಾಸ್ಪರ್ಧೆಗಳಲ್ಲಿ ಹೆಸರು ಮಾಡಿದ್ದವನು. ಒಂದು ವಿಷಯದ ಪರವಾಗಿ ಬೆಳಗ್ಗೆ ಮಾತನಾಡಿ, ಅದರ ವಿರುದ್ಧವಾಗಿ ಸಂಜೆ ಮಾತನಾಡಿ, ಎರಡರಲ್ಲೂ ಬಹುಮಾನ ಪಡೆದದ್ದುಂಟು. ಊರಿಗೆ ಮರಳಿದ ಮೇಲೆ ಆ ಶಕ್ತಿಯನ್ನೆಲ್ಲ ಸಮಾಜದ ಹಿತಕ್ಕೆ ಬಳಸಬೇಕೆಂಬ ಪ್ರಾಮಾಣಿಕವಾದ ಹಂಬಲ ನನ್ನಲ್ಲಿತ್ತು. ಅದನ್ನು ನಾನು ಈಗಲೂ ಹೀಯಾಳಿಸಲಾರೆ.

ನಮ್ಮ ಮನೆ ರಸ್ತೆಯ ಬದಿಗಿದ್ದುದರಿಂದ ನಮಗೆ ಕರೆಂಟು ಬೇಗನೆ ಬಂತು. ಎದುರಿನ ಗದ್ದೆ ದಾಟಿ, ನೀರು ಹರಿಯುವ ಸಣ್ಣ ತೋಡಿನ ಆಚೆಗಿದ್ದ ಹತ್ತು ಹನ್ನೆರಡು ಮನೆಗಳಿಗೆ ಬರಲಿಲ್ಲ. ಅವರ ಪರವಾಗಿ ಒಂದು ಮನವಿಯನ್ನು ಬರೆದುಕೊಂಡು ನಾನು ಬೆಳ್ತಂಗಡಿಯ ಕಚೇರಿಯೊಂದಕ್ಕೆ ಹೋದೆ. ಅಲ್ಲಿನ ಅಧಿಕಾರಿ ಕುರ್ಚಿ ಕೊಟ್ಟು, ನಾನು ಹೇಳಿದ್ದನ್ನು ಪೂರ್ತಿಯಾಗಿ ಕೇಳಿ, ನನ್ನ ವಾದದಲ್ಲಿ ತಪ್ಪೇನೂ ಇಲ್ಲವೆಂದೂ ಆದರೆ ತಮ್ಮಲ್ಲಿ ಕಂಬಗಳೇ ಇಲ್ಲವೆಂದೂ ಹೇಳಿದರು. ನಮ್ಮ ಮೀಟರಿನಿಂದಲೇ ಒಂದು ವಯರು ಎಳೆದು ಕೊಡಬಹುದೇ ಎಂದು ಕೇಳಿದ್ದಕ್ಕೆ, ಅದು ಅಪರಾಧ ಎಂದು ನಗುತ್ತಲೇ ಎಚ್ಚರಿಸಿದರು.

ಬಸ್ಸಿನಲ್ಲಿ ಹಿಂದಿರುಗುವಾಗ ನನಗೊಂದು ಉಪಾಯ ಹೊಳೆಯಿತು. ಕರೆಂಟು ಅವರ ಮನೆಗೆ ಹೋಗಲಾರದು. ಆದರೆ ಅವರ ಬ್ಯಾಟರಿಗಳು ನಮ್ಮ ಮನೆಗೆ ಬರಬಹುದಲ್ಲ? ಆ ಕಾಲದಲ್ಲಿ ತೋಡಿನಾಚೆಯ ಮೂರು ನಾಲ್ಕು ಮನೆಗಳಲ್ಲಿ ಕಾರಿನ ಹಳೆಯ ಬ್ಯಾಟರಿಗಳಿದ್ದವು. ಒಬ್ಬರು ಅದರಿಂದ ರೇಡಿಯೋ ಕೇಳುತ್ತಿದ್ದರು. ಇನ್ನೊಬ್ಬರು ಮೈಕ್ ಸೆಟ್ಟನ್ನು ಬಾಡಿಗೆಗೆ ಕೊಡುತ್ತಿದ್ದರು. ಚಾರ್ಜು ಇಳಿದಾಗ ಅವುಗಳನ್ನು ಮೂಡುಬಿದಿರೆಗೆ ಒಯ್ಯಬೇಕಾಗಿತ್ತು. ಒಮ್ಮೆ ಆಸಿಡ್ ಚೆಲ್ಲಿ ಪ್ರಯಾಣಿಕರೊಬ್ಬರ ಪಂಚೆ ತೂತಾದ ಮೇಲೆ ಕಂಡಕ್ಟರುಗಳು ಬ್ಯಾಟರಿಯನ್ನು ಬಸ್ಸಿಗೆ ಹತ್ತಿಸಲು ಒಪ್ಪುತ್ತಿರಲಿಲ್ಲ.

ಒಂದು ತಿಂಗಳೊಳಗೆ ಕೇಂದ್ರ ಸಿದ್ಧವಾಯಿತು. ವೈರ್‌ಮನ್‌ನಿಂದ ಜಗಲಿಯ ಮೂಡು ತುದಿಗೆ ಪ್ರತ್ಯೇಕ ವಯರು, ಪ್ರತ್ಯೇಕ ಫ್ಯೂಸು ಹಾಕಿಸಿದೆ. ನೆಲಕ್ಕೆ ಹಲಸಿನ ಹಲಗೆ ಹಾಕಿ ಅದರ ಮೇಲೆ ಬ್ಯಾಟರಿ ಇಡುವ ವ್ಯವಸ್ಥೆ ಮಾಡಿದೆ. ಮೂಡುಬಿದಿರೆಯ ಬ್ಯಾಟರಿ ಅಂಗಡಿಯವರು ತಾವೇ ತಗಡಿನ ಪೆಟ್ಟಿಗೆಯಲ್ಲಿ ಜೋಡಿಸಿದ್ದ ಚಾರ್ಜರನ್ನು ಕೊಟ್ಟರು. ಅದಕ್ಕೆ ಒಂದು ಮುಳ್ಳಿನ ಮೀಟರು, ಕೆಂಪು ಕಪ್ಪು ಎರಡು ಕ್ಲಿಪ್ಪುಗಳು. ನಾನು ಒಂದು ಹಲಗೆಯ ಮೇಲೆ ಸುಣ್ಣದಿಂದ ‘ಸಾರ್ವಜನಿಕ ಬ್ಯಾಟರಿ ಚಾರ್ಜಿಂಗ್ ಕೇಂದ್ರ’ ಎಂದು ಬರೆದು ತೂಗುಹಾಕಿದೆ. ಜಗಲಿಗೆ ಬಂದವರಿಗೆ ಕೂರಲಿಕ್ಕೆ ಜಾಗ ಇಲ್ಲ, ಮೇಲಿಂದ ಕೇಂದ್ರ ಬೇರೆ ಎಂದು ನನ್ನ ಹೆಂಡತಿ ಹೇಳಿದಳು.

ಅಂಗಡಿಯವರು ಚಾರ್ಜರು ಕೊಡುವಾಗ ಕೆಲವು ಸೂಚನೆಗಳನ್ನೂ ಕೊಟ್ಟಿದ್ದರು. ಚಾರ್ಜು ಆಗುವಾಗ ಮುಚ್ಚಳಗಳನ್ನು ತೆರೆದಿಡಬೇಕು. ಹತ್ತಿರ ಬೆಂಕಿ ತರಬಾರದು. ಒಳಗಿನ ತಗಡುಗಳು ಮುಳುಗುವಷ್ಟು ನೀರಿರಬೇಕು. ಆ ನೀರು ಡಿಸ್ಟಿಲ್ಡ್ ವಾಟರೇ ಆಗಬೇಕು. ಅದು ಸಿಗದಿದ್ದರೆ ಮನೆಯ ಮಾಡಿಗೆ ತಾಗದೆ ನೇರವಾಗಿ ಆಕಾಶದಿಂದ ಬಿದ್ದ ಮಳೆನೀರನ್ನು ಗಾಜಿನ ಬಾಟ್ಲಿಯಲ್ಲಿ ಹಿಡಿದಿಟ್ಟುಕೊಂಡು ಹಾಕಬಹುದು. ಇಷ್ಟನ್ನೂ ನಾನು ಕೇಳಿಸಿಕೊಂಡೆ. ಗಾಜಿನ ಬಾಟ್ಲಿ ಎಂಬುದನ್ನೂ ಕೇಳಿಸಿಕೊಂಡೆ.

ನಮ್ಮ ಕೇಂದ್ರಕ್ಕೆ ಪ್ರತಿ ಎರಡು ವಾರಕ್ಕೊಮ್ಮೆ ತಪ್ಪದೆ ಬರುತ್ತಿದ್ದ ಬ್ಯಾಟರಿ ತೋಡಿನಾಚೆಯ ಒಂದು ಬ್ಯಾರಿ ಮುಸ್ಲಿಂ ಕುಟುಂಬದ್ದು. ಆ ಮನೆಯ ಯಜಮಾನ ಗಲ್ಫಿನಲ್ಲಿ ಒಂದು ಹೋಟೆಲಿನ ಅಡಿಗೆಮನೆಯಲ್ಲಿದ್ದರು. ಅವರ ಹೆಂಡತಿ, ನನಗಿಂತ ಒಂದೆರಡು ವರ್ಷಕ್ಕೆ ಹಿರಿಯರಾದ್ದರಿಂದ ನಾನು ಅಕ್ಕ ಎಂದು ಕರೆಯುತ್ತಿದ್ದವರು, ಹಾಸಿಗೆ ಹಿಡಿದ ಅತ್ತೆಯನ್ನೂ ಮಕ್ಕಳನ್ನೂ ನೋಡಿಕೊಂಡು ಬೀಡಿ ಕಟ್ಟುತ್ತಿದ್ದರು. ನಮ್ಮ ನಡುವಿನ ಮಾತೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಗಂಡ ತಂದುಕೊಟ್ಟಿದ್ದ ದೊಡ್ಡ ಟೇಪ್ ರೆಕಾರ್ಡರೇ ಅವರ ಅಂಚೆ. ಅಲ್ಲಿಂದ ರಜೆಗೆ ಬರುವವರ ಕೈಯಲ್ಲಿ ಗಂಡನ ಮಾತು ತುಂಬಿದ ಕ್ಯಾಸೆಟ್ ಬರುತ್ತಿತ್ತು. ಇಲ್ಲಿಂದ ಹಿಂದಿರುಗುವವರ ಕೈಯಲ್ಲಿ ಇವರ ಮಾತು ತುಂಬಿದ ಕ್ಯಾಸೆಟ್ ಹೋಗುತ್ತಿತ್ತು. ಸೆಲ್ಲು ಹಾಕಿದರೆ ಎಂಟು ಸೆಲ್ಲು ಬೇಕು, ಅದೂ ಬೇಗ ಮುಗಿಯುತ್ತದೆ. ಆ ಯಂತ್ರದ ಹಿಂಬದಿಯಲ್ಲಿ ಕಾರಿನ ಬ್ಯಾಟರಿಗೆ ಜೋಡಿಸುವ ಅನುಕೂಲವಿತ್ತು.

ಅವರ ಹಿರಿಯ ಮಗಳು ನನ್ನ ಶಾಲೆಯಲ್ಲಿ ಏಳನೆಯ ತರಗತಿಯಲ್ಲಿದ್ದಳು. ಲೆಕ್ಕದಲ್ಲಿ ಚುರುಕು; ನಾನು ಕರಿಹಲಗೆಯ ಮೇಲೆ ತಪ್ಪು ಮಾಡಿದರೆ ಕೈ ಎತ್ತದೆ ಕೆಮ್ಮುತ್ತಿದ್ದಳು. ಹೈಸ್ಕೂಲಿಗೆ ಹೋಗಬೇಕಾದರೆ ಬಸ್ಸಿನಲ್ಲಿ ಹೋಗಿ ಬರಬೇಕು. ಪಾಣೆಮಂಗಳೂರಿನಲ್ಲಿ ಅಂಗಡಿ ಇಟ್ಟಿದ್ದ ಅವಳ ದೊಡ್ಡಪ್ಪನಿಗೆ ಇದು ಸರಿಕಾಣಲಿಲ್ಲ. ತಮ್ಮನು ಊರಿನಲ್ಲಿಲ್ಲದ ಕಾಲದಲ್ಲಿ ಏನಾದರೂ ಆದರೆ ಉತ್ತರ ಹೇಳಬೇಕಾದವನು ತಾನು ಎಂಬುದು ಅವರ ಕಷ್ಟ. ತಮ್ಮನೇ ಬಾಯಿಬಿಟ್ಟು ‘ಕಳಿಸಿ’ ಎಂದರೆ ತಾನು ಅಡ್ಡ ಬರುವುದಿಲ್ಲ, ಅದುವರೆಗೆ ಬೇಡ ಎಂದು ಅವರು ಹೇಳಿದ್ದರು. ಇದು ಒಂದು ಧರ್ಮದವರ ಸಂಗತಿ ಎಂದು ಯಾರೂ ತಿಳಿಯಬಾರದು. ನನ್ನ ಸ್ವಂತ ತಂಗಿಯನ್ನು ಏಳನೆಯ ತರಗತಿಗೆ ನಿಲ್ಲಿಸಿದಾಗ ನಾನು ಮಂಗಳೂರಿನಲ್ಲಿ ಸ್ತ್ರೀ ಶಿಕ್ಷಣದ ಮೇಲೆ ಭಾಷಣ ಮಾಡುತ್ತಿದ್ದೆ. ನಮ್ಮ ಮನೆಯಲ್ಲಿ ಯಾರ ಅನುಮತಿಯನ್ನೂ ಕೇಳುವ ಪ್ರಶ್ನೆಯೇ ಎದ್ದಿರಲಿಲ್ಲ.

ಹೀಗೆ ಆ ವರ್ಷ ಎಲ್ಲವೂ ಒಂದು ಕ್ಯಾಸೆಟ್ಟಿನ ಮೇಲೆ ನಿಂತಿತು. ಗಲ್ಫಿಗೆ ಹಿಂದಿರುಗುವ ನೆಂಟರೊಬ್ಬರು ಮೇ ತಿಂಗಳ ಮಧ್ಯದಲ್ಲಿ ಬೊಂಬಾಯಿಗೆ ಬಸ್ಸು ಹತ್ತುವವರಿದ್ದರು. ಅವರ ಕೈಯಲ್ಲಿ ಅಕ್ಕನ ಮಾತು ಹೋಗಬೇಕು. ಗಂಡನ ಒಪ್ಪಿಗೆ ಮರಳಿ ಬರಬೇಕು. ಬಂದರೆ ಹುಡುಗಿ ಹೈಸ್ಕೂಲು. ಬರದಿದ್ದರೆ ತಾಯಿಯ ಪಕ್ಕದಲ್ಲಿ ಬೀಡಿಯ ಮೊರ.

ನಾನು ಸುಮ್ಮನಿರಲಾರದೆ ನಾಲ್ಕು ಪುಟಗಳ ಒಂದು ವಾದವನ್ನು ಬರೆದೆ. ಅದನ್ನು ನಮ್ಮ ಮನೆಯಲ್ಲಿ, ನೇರ ಕರೆಂಟಿನಲ್ಲಿ ಟೇಪು ನಡೆಸಿ, ನಾನೇ ಓದಿ ತುಂಬಿಸುತ್ತೇನೆಂದೂ ಕೊನೆಗೆ ಬೇಕಾದರೆ ಅವರು ಎರಡು ಮಾತು ಸೇರಿಸಬಹುದೆಂದೂ ಅಕ್ಕನಿಗೆ ಹೇಳಿದೆ. ಅವರ ಅಂಗಳದಲ್ಲಿ ನಿಂತು ಪೂರ್ತಿಯಾಗಿ ಓದಿಯೂ ತೋರಿಸಿದೆ. ಅವರು ಮೊರದ ಮೇಲಿನ ಕೈ ನಿಲ್ಲಿಸದೆ ಕೇಳಿದರು.

“ಚಂದ ಉಂಟು ಮಾಸ್ಟ್ರೆ,” ಎಂದರು. “ಆದರೆ ಇದನ್ನು ಕೇಳಿದರೆ ಅವರು ನನ್ನನ್ನು ಎಲ್ಲಿ ಹುಡುಕುವುದು?”

ನಾನು ವಿಷಯದ ಗಾಂಭೀರ್ಯವನ್ನು ವಿವರಿಸಲು ತೊಡಗಿದೆ.

“ಬಸ್ಸಿನಲ್ಲಿ ಮಗಳು ಯಾರ ಹತ್ತಿರ ಕೂರುತ್ತಾಳೆ, ಸಂಜೆ ಎಲ್ಲಿ ಇಳಿಯುತ್ತಾಳೆ, ಕರೆದುಕೊಂಡು ಬರುವವರು ಯಾರು, ಅದು ಗೊತ್ತಾದರೆ ಅವರಿಗೆ ಸಮಾಧಾನ. ದೇಶದ ಪ್ರಗತಿ ಅವರಿಗೆ ಯಾಕೆ? ಬಸ್ಸಿನ ಸಂಗತಿ ನಾನೇ ಹೇಳುತ್ತೇನೆ. ನೀವು ಬ್ಯಾಟ್ರಿ ಒಂದು ಸರಿ ಮಾಡಿ ಕೊಡಿ, ಸಾಕು.”

ನಾನು ಸ್ವಲ್ಪ ಮುನಿಸಿಕೊಂಡೇ ಮನೆಗೆ ಬಂದೆ.

ಏಪ್ರಿಲ್ ಕೊನೆಯಲ್ಲಿ ಅವರ ಬ್ಯಾಟರಿ ನಮ್ಮ ಜಗಲಿಗೆ ಬಂತು. ಸೆಕೆಗೆ ಒಳಗಿನ ನೀರು ಇಂಗಿ ತಗಡುಗಳ ತುದಿ ಕಾಣುತ್ತಿತ್ತು. ನನ್ನ ಬಳಿಯಿದ್ದ ಡಿಸ್ಟಿಲ್ಡ್ ವಾಟರ್ ಮುಗಿದಿತ್ತು. ಮೂಡುಬಿದಿರೆಗೆ ಹೋಗಿ ತರಬಹುದಿತ್ತು; ಆದರೆ ಮರುದಿನ ಬೆಳ್ತಂಗಡಿಗೆ ತಾಗಿದ ಲಾಯಿಲದಲ್ಲಿ ಯುವಕರ ಕೂಟವೊಂದರಲ್ಲಿ ನನ್ನ ಭಾಷಣವಿತ್ತು, ಸಿದ್ಧತೆ ಬಾಕಿಯಿತ್ತು. ಆಗ ನನಗೆ ನೆನಪಾದದ್ದು ನನ್ನ ತಾಯಿಯ ತಾಮ್ರದ ಕೊಡ.

ತಾಯಿ ಪ್ರತಿ ವರ್ಷ ಸ್ವಾತಿ ಮಳೆಯ ನೀರನ್ನು ಅಂಗಳದ ನಡುವೆ ಬಿಳಿ ಬಟ್ಟೆ ಕಟ್ಟಿ ಹಿಡಿದು, ತಾಮ್ರದ ಕೊಡದಲ್ಲಿ ತುಂಬಿ, ಬಾಯಿ ಕಟ್ಟಿ, ದೇವರ ಕೋಣೆಯ ಮೂಲೆಯಲ್ಲಿ ಇಡುತ್ತಿದ್ದರು. ಕಣ್ಣು ನೋವಿಗೆ, ಮಕ್ಕಳ ಮದ್ದು ತೇಯುವುದಕ್ಕೆ ಅದೇ ನೀರು. ಆ ಕೊಡವನ್ನು ಹುಣಸೆಹುಳಿ ಮತ್ತು ಉಪ್ಪು ಹಾಕಿ ಬಂಗಾರದಂತೆ ಹೊಳೆಯುವ ತನಕ ತಿಕ್ಕುತ್ತಿದ್ದರು. ನಾನು ಸ್ವಾತಿಯ ಮಹಿಮೆಯನ್ನು ಹಲವು ಸಲ ಗೇಲಿ ಮಾಡಿದ್ದೆ. ಆದರೆ ತಾಮ್ರದಲ್ಲಿಟ್ಟ ನೀರು ಶುದ್ಧ ಎಂಬುದರ ಬಗ್ಗೆ ನನಗೆ ಯಾವ ಸಂದೇಹವೂ ಇರಲಿಲ್ಲ. ಅದು ನನಗೆ ನಂಬಿಕೆಯಾಗಿ ಕಾಣಲಿಲ್ಲ, ಎಲ್ಲರೂ ಬಲ್ಲ ಸತ್ಯವಾಗಿ ಕಂಡಿತು. ಗಾಜಿನ ಬಾಟ್ಲಿಯಾದರೂ ಬರೇ ಗಾಜು; ತಾಮ್ರ ಅದಕ್ಕಿಂತ ಮೇಲು ಎಂದು ನನಗೆ ನಾನೇ ವಾದಿಸಿಕೊಂಡು ಗೆದ್ದೆ. ತಾಯಿ ಕೊಡ ಕೊಡಲು ಹಿಂದೆಮುಂದೆ ನೋಡಿದರು. ಆಸಿಡ್ ತುಂಬಿದ ಪೆಟ್ಟಿಗೆಗೆ ದೇವರ ಕೋಣೆಯ ನೀರೇ ಎಂದು ಅವರ ಅಸಮಾಧಾನ. ನಾನು ಆರು ಗುಂಡಿಗಳಿಗೂ ತುಂಬ ಹೊಯ್ದೆ.

ಬ್ಯಾಟರಿ ಗುಳುಗುಳು ಎಂದು ಚಾರ್ಜಾಯಿತು. ಮೀಟರಿನ ಮುಳ್ಳು ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತಿತು. ನಾನು ಲಾಯಿಲದಲ್ಲಿ ‘ವಿಜ್ಞಾನ ಮತ್ತು ಮೂಢನಂಬಿಕೆ’ ಎಂಬ ವಿಷಯದ ಮೇಲೆ ಒಂದು ಗಂಟೆ ಮಾತನಾಡಿದೆ. ಅದರಲ್ಲಿ ನಮ್ಮ ಜಗಲಿಯ ಕೇಂದ್ರದ ಪ್ರಸ್ತಾಪವೂ ಇತ್ತು. ಚಪ್ಪಾಳೆ ಚೆನ್ನಾಗಿ ಬಿತ್ತು.

ಇಂಥ ಕ್ಯಾಸೆಟ್ಟುಗಳಿಗೆ ನಮ್ಮ ಕಡೆ ಒಂದು ಕ್ರಮವುಂಟು. ಮೊದಲು ಸಲಾಮು. ಮನೆಯ ಹಿರಿಯರಿಂದ ಹಿಡಿದು ತೊಟ್ಟಿಲ ಮಗುವಿನ ತನಕ, ಪಕ್ಕದ ಮನೆಯವರು, ಬಂದುಹೋಗುವ ನೆಂಟರು, ಎಲ್ಲರೂ ಸರದಿಯಲ್ಲಿ ತಮ್ಮ ಸಲಾಮು ಹೇಳಿ ಕ್ಷೇಮ ಕೇಳಬೇಕು. ಒಬ್ಬರದು ಬಿಟ್ಟುಹೋದರೂ ಅದು ಮನಸ್ತಾಪಕ್ಕೆ ಕಾರಣವಾಗುತ್ತದೆ. ಸ್ವಂತ ವಿಷಯ ಕೊನೆಗೆ, ಮನೆ ಖಾಲಿಯಾದಾಗ. ಅಕ್ಕ ಹಾಗೆಯೇ ಮಾಡಿದರು. ಬ್ಯಾಟರಿ ಮನೆಗೆ ಹೋದ ದಿನ ಅತ್ತೆಯ ಸಲಾಮು. ಮರುದಿನ ಪಾಣೆಮಂಗಳೂರಿನಿಂದ ಬಂದ ಭಾವನ ಸಲಾಮು. ಆಮೇಲೆ ನಾದಿನಿಯರು, ಮಕ್ಕಳು. ತಮ್ಮ ಮಾತಿಗೆ ಅವರು ಆರಿಸಿಕೊಂಡದ್ದು ಹತ್ತು ಹನ್ನೆರಡು ದಿನಗಳ ನಂತರದ ಒಂದು ಮಧ್ಯಾಹ್ನ. ಅತ್ತೆ ನಿದ್ದೆಯಲ್ಲಿದ್ದರು, ಮಕ್ಕಳನ್ನು ತೋಡಿಗೆ ಅಟ್ಟಿ ಆಗಿತ್ತು. ಹೇಳಿ ಮುಗಿಸಿ, ಅಲ್ಲೇ ತಿರುಗಿಸಿ ಕೇಳಿದರು. ಸರಿಯಾಗಿಯೇ ಇತ್ತು. ಕ್ಯಾಸೆಟ್ ಬೊಂಬಾಯಿಯ ದಾರಿ ಹಿಡಿಯಿತು.

ಜೂನ್ ಬಂತು. ಶಾಲೆಗಳು ತೆರೆದವು. ಉತ್ತರ ಬರಲಿಲ್ಲ. ಹೈಸ್ಕೂಲಿನ ಮುಖ್ಯೋಪಾಧ್ಯಾಯರಲ್ಲಿ ನಾನು ಒಂದು ಜಾಗವನ್ನು ಜುಲೈ ಕೊನೆಯ ತನಕ ಹಿಡಿದಿರಿಸಿಕೊಂಡೆ. ಜುಲೈ ಮುಗಿಯಿತು. ಹುಡುಗಿ ತಾಯಿಯ ಎದುರಿಗೆ ಇನ್ನೊಂದು ಮೊರ ಇಟ್ಟುಕೊಂಡು ಕುಳಿತಳು. ಗಂಡಸರ ಮನಸ್ಸು ಹೀಗೆಯೇ ಎಂದು ನಾನು ನನ್ನ ಹೆಂಡತಿಯಲ್ಲಿ ಹೇಳಿದೆ. ಆ ಮನುಷ್ಯನ ಕುರಿತು ಕಠಿಣವಾದ ಮಾತುಗಳನ್ನೂ ಆಡಿದೆ.

ಆಗಸ್ಟಿನಲ್ಲಿ ಒಂದು ದಿನ ಅಕ್ಕ ಗದ್ದೆಯ ಹುಣಿಯ ಮೇಲೆ ಬಿರುಸಾಗಿ ಬರುತ್ತಿರುವುದು ಕಂಡಿತು. ಹಿಂದೆ ಮಗಳು ಟೇಪ್ ರೆಕಾರ್ಡರನ್ನು ತಲೆಯ ಮೇಲಿಟ್ಟು ಮಳೆಗೆ ಹೊದೆಯುವ ಗೊರಬಿನಿಂದ ಮುಚ್ಚಿಕೊಂಡು ಬರುತ್ತಿದ್ದಳು. ಅಕ್ಕ ಜಗಲಿಯ ಮೆಟ್ಟಿಲಲ್ಲೇ ಕುಳಿತುಬಿಟ್ಟರು.

“ಇವಳ ಬಾಪನಿಗೆ ಏನೋ ಆಗಿದೆ ಮಾಸ್ಟ್ರೆ. ಕ್ಯಾಸೆಟ್ ಬಂದಿದೆ, ಸ್ವರ ಅವರದ್ದೇ ಅಲ್ಲ. ಎಳೆದು ಎಳೆದು ಮಾತಾಡುತ್ತಾರೆ, ಉಸಿರು ಇಲ್ಲದವರ ಹಾಗೆ. ಕಾಯಿಲೆಯನ್ನು ನಮ್ಮಿಂದ ಮುಚ್ಚಿಟ್ಟಿದ್ದಾರೆ.”

ನಾನು ಯಂತ್ರವನ್ನು ನಮ್ಮ ಗೋಡೆಯ ಕರೆಂಟಿಗೆ ಜೋಡಿಸಿ ಕ್ಯಾಸೆಟ್ ಹಾಕಿದೆ. ಒಳ್ಳೆ ಗಟ್ಟಿಮುಟ್ಟಾದ ಗಂಡಸಿನ ಸ್ವರ, ಸರಾಗವಾಗಿ ಸಲಾಮು ಹೇಳಿತು. ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳತೊಡಗಿದರು, ಸಮಾಧಾನದ ಅಳು. ಅವರನ್ನು ಕೇಳಲು ಬಿಟ್ಟು ನಾನು ಅಂಗಳಕ್ಕೆ ಇಳಿದೆ. ಅಂಗಳದಲ್ಲಿ ನಿಂತಾಗಲೇ ನನಗೆ ತಣ್ಣಗಿನ ಒಂದು ಸಂಶಯ ಹುಟ್ಟಿತು. ಸ್ವರ ಸರಿಯಿದ್ದರೆ ಬ್ಯಾಟರಿ ಸರಿಯಿಲ್ಲ. ಬ್ಯಾಟರಿ ಸೋತು ಯಂತ್ರ ನಿಧಾನವಾಗಿ ತಿರುಗಿದ್ದರಿಂದ ಅವರ ಸ್ವರ ಎಳೆಯಿತು. ಹಾಗಾದರೆ ಅಂಥದ್ದೇ ನಿಧಾನದಲ್ಲಿ ತುಂಬಿಸಿದ ಮಾತು, ಸರಿಯಾದ ವೇಗದ ಯಂತ್ರದಲ್ಲಿ ಹೇಗೆ ಕೇಳಿಸಿರಬೇಕು? ಅಂದು ಅದೇ ಸೋತ ಯಂತ್ರದಲ್ಲಿ ತಿರುಗಿಸಿ ಕೇಳಿದ್ದರಿಂದಲೇ ಅಕ್ಕನಿಗೆ ಸರಿಯಾಗಿ ಕೇಳಿಸಿತ್ತು.

ಅಕ್ಕ ಹೊರಗೆ ಬಂದಾಗ ಅವರ ಮುಖದಲ್ಲಿ ಸಮಾಧಾನ ಉಳಿದಿರಲಿಲ್ಲ. ಗಂಡ ಹೇಳಿದ್ದನ್ನು ಅವರೇ ನನಗೆ ತಿಳಿಸಿದರು. ಅಮ್ಮನ ಸಲಾಮು, ಅಣ್ಣನ ಸಲಾಮು ಎದುರಿಗೆ ನಿಂತು ಹೇಳಿದ ಹಾಗೆ ಕೇಳಿಸಿತಂತೆ. ಮಕ್ಕಳದ್ದು ಸ್ವಲ್ಪ ಕೀಚಲು. ಹೆಂಡತಿಯ ಸರದಿ ಬಂದಾಗ ಗುಬ್ಬಚ್ಚಿಗಳ ಗೂಡಿಗೆ ಕೈ ಹಾಕಿದ ಹಾಗೆ ಚಿಲಿಪಿಲಿ. ಕೋಣೆಯ ಜತೆಗಾರರೆಲ್ಲ ನಕ್ಕರು, ಅವರೂ ನಕ್ಕರು. ಎರಡನೆಯ ಸಲ ಒಬ್ಬರೇ ಕುಳಿತು ಕೇಳಿದರು. ಮಗಳ ಹೆಸರು ಬಿಟ್ಟು ಬೇರೆ ಒಂದು ಶಬ್ದವೂ ತಿಳಿಯಲಿಲ್ಲ. ಏನೋ ಅವಸರದ ಸಂಗತಿ ಎಂದು ಹೆದರಿ, ಮನೆಯ ಹೊಣೆ ಹೊತ್ತವರಲ್ಲಿ ಸ್ಪಷ್ಟವಾಗಿ ಕೇಳಿಸಿದ್ದು ಅಣ್ಣನ ಮಾತೊಂದೇ ಆದ್ದರಿಂದ, ಅದು ಏನೇ ಇದ್ದರೂ ಸದ್ಯಕ್ಕೆ ಅಣ್ಣ ಹೇಳಿದಂತೆ ನಡೆಯಲಿ ಎಂದು ಉತ್ತರ ಕಳಿಸಿದ್ದರು.

ಆ ಬ್ಯಾಟರಿಯನ್ನು ನಾನು ಮರುದಿನವೇ ಒಂದು ಜೀಪಿನಲ್ಲಿ ಮೂಡುಬಿದಿರೆಗೆ ಒಯ್ದೆ. ಅಂಗಡಿಯವರು ರಬ್ಬರು ಬುರುಡೆಯ ಗಾಜಿನ ಕೊಳವೆಯಿಂದ ಒಂದೊಂದೇ ಗುಂಡಿಯ ದ್ರವವನ್ನು ಎಳೆದು ಬೆಳಕಿಗೆ ಹಿಡಿದು ನೋಡಿದರು. ಯಾವ ನೀರು ಹಾಕಿದ್ದೆಂದು ಕೇಳಿದರು. ನಾನು ಹೇಳಿದೆ. ಅವರು ಕೊಳವೆಯನ್ನು ಕೆಳಗಿಟ್ಟರು.

“ತಾಮ್ರದ ಕೊಡವಾ? ಅದೂ ಉಪ್ಪು ಹುಳಿ ಹಾಕಿ ತಿಕ್ಕಿದ್ದು? ನಾನು ಗಾಜಿನ ಬಾಟ್ಲಿ ಅಂತ ಹೇಳಿದ್ದು ನಿಮಗೇ ಅಲ್ವಾ ಮಾರಾಯ್ರೆ?”

ನನಗೆ ಹೇಳಿದ್ದೇ ಎಂದು ಒಪ್ಪಿಕೊಂಡೆ. ತಾಮ್ರವೂ ಉಪ್ಪೂ ಒಳಗೆ ಸೇರಿದರೆ ಬ್ಯಾಟರಿ ಚಾರ್ಜು ಹಿಡಿಯುತ್ತದೆ, ಆದರೆ ಯಾರೂ ಮುಟ್ಟದಿದ್ದರೂ ಕೂತಲ್ಲೇ ಕಳೆದುಕೊಳ್ಳುತ್ತದೆ. ಮೊದಲ ದಿನ ಹುಲಿ, ವಾರ ಕಳೆದರೆ ಬೆಕ್ಕು ಎಂದು ಅವರು ವಿವರಿಸಿದರು. ಮತ್ತೆ ನನಗೆ ನೋವಾಗದಿರಲೆಂದೋ ಏನೋ ದನಿ ತಗ್ಗಿಸಿ, “ಕುಡಿಯುವವರಿಗೆ ಒಳ್ಳೆಯದಾದದ್ದು ಬ್ಯಾಟ್ರಿಗೂ ಒಳ್ಳೆಯದು ಅಂತ ಕಾನೂನು ಉಂಟಾ?” ಎಂದರು.

ನಾನು ಬೇರೊಂದು ಬ್ಯಾಟರಿಯನ್ನು ಅಲ್ಲಿಂದಲೇ ತಂದೆ. ಆದರೆ ನನಗೆ ಕಷ್ಟವಾದದ್ದು ಅದಲ್ಲ. ಚರ್ಚಾಸ್ಪರ್ಧೆಯಲ್ಲಿ ಎಲ್ಲ ಕಲಿತಿದ್ದೆ. ತಪ್ಪು ನನ್ನದು ಎಂಬ ವಾಕ್ಯವನ್ನು ಹೇಗೆ ಆರಂಭಿಸಬೇಕೆಂದು ಯಾರೂ ಕಲಿಸಿರಲಿಲ್ಲ. ಅಕ್ಕನ ಅಂಗಳದಲ್ಲಿ ನಿಂತು, ನೀರಿನ ಸಂಗತಿಯನ್ನು ಇದ್ದ ಹಾಗೆ ಹೇಳಿದೆ. ಅವರು ಕೈಯಲ್ಲಿದ್ದ ಎಲೆಯನ್ನು ಕತ್ತರಿಸುವುದನ್ನು ನಿಲ್ಲಿಸಿ ಮಗಳ ಕಡೆ ನೋಡಿದರು. ಹುಡುಗಿ ತಲೆ ಎತ್ತಲಿಲ್ಲ. ಅವಳ ಬೀಡಿಗಳು ಆಗಲೇ ತಾಯಿಯದಕ್ಕಿಂತ ಒಪ್ಪವಾಗಿದ್ದವು. ನನಗೆ ಬಯ್ದಿದ್ದರೆ ಹಗುರವಾಗುತ್ತಿತ್ತು.

ಮನೆಯಲ್ಲಿ ತಾಯಿ ಬಯ್ದರು, ಅದೂ ಬೇರೆ ಕಾರಣಕ್ಕೆ. “ಸ್ವಾತಿ ಮಳೆ ಅಂದರೆ ನಗುತ್ತಿದ್ದಿಯಲ್ಲ ಮಗ. ನಂಬದವ ನೀನು ಅದಕ್ಕೆ ಕೈ ಹಾಕಿದ್ದು ಯಾಕೆ? ನಂಬುವ ನಾನು ಅದನ್ನು ಬ್ಯಾಟ್ರಿಗೆ ಹೊಯ್ಯುತ್ತಿರಲಿಲ್ಲ.”

ಅದೇ ವಾರ ನಾನು ಬಂಟ್ವಾಳಕ್ಕೆ ಹೋಗಿ, ಅಲ್ಲಿಂದ ಸೇತುವೆ ದಾಟಿ ಪಾಣೆಮಂಗಳೂರಿನ ಅಂಗಡಿಗೆ ನಡೆದೆ. ನೇತ್ರಾವತಿ ಕೆಂಪಗೆ ತುಂಬಿ ಹರಿಯುತ್ತಿತ್ತು. ಹುಡುಗಿಯ ದೊಡ್ಡಪ್ಪ ಗಿರಾಕಿಗಳನ್ನು ಕಳಿಸಿ, ನನಗೊಂದು ಚಹಾ ತರಿಸಿ, ಬೆಂಚಿನ ಮೇಲೆ ಕುಳ್ಳಿರಿಸಿದರು. ಅವರ ತಮ್ಮನಿಗೆ ತಲುಪಿದ್ದು ಅವರೊಬ್ಬರ ಮಾತು ಮಾತ್ರ, ಹೆಂಡತಿಯ ಮಾತು ತಲುಪಲೇ ಇಲ್ಲ, ಅದಕ್ಕೆ ನನ್ನ ಮನೆಯ ನೀರು ಕಾರಣ ಎಂದು ಹೇಳಿದೆ. ಅವರು ಟೋಪಿ ತೆಗೆದು ತಲೆ ಸವರಿಕೊಂಡು ಮತ್ತೆ ಇಟ್ಟುಕೊಂಡರು.

“ನನ್ನ ಸಲಾಮು ಮಾತ್ರ ಚಂದ ಕೇಳಿತು ಅಂತಾಯ್ತು,” ಎಂದರು. “ಅದು ನ್ಯಾಯ ಅಲ್ಲ ಮಾಸ್ಟ್ರೆ. ಅವಳು ಇನ್ನೊಮ್ಮೆ ಹೇಳಲಿ. ಅವನು ಕೇಳಿ ಹೇಳಲಿ. ಅವನು ಹೂಂ ಅಂದರೆ ಬಸ್ಸಿನ ತನಕ ನಾನೇ ಬಂದು ಬಿಡುತ್ತೇನೆ. ಆದರೆ ಈ ವರ್ಷದ ಬಾಗಿಲು ಹಾಕಿ ಆಯ್ತಲ್ಲ.”

ಬಾಗಿಲು ಹಾಕಿ ಆಗಿತ್ತು. ಅದಕ್ಕೆ ಯಾರ ವಾದವೂ ನಡೆಯುವಂತಿರಲಿಲ್ಲ.

ಎರಡನೆಯ ಕ್ಯಾಸೆಟ್ ಎಲ್ಲಿ ತುಂಬಿಸುವುದು ಎಂಬ ಪ್ರಶ್ನೆ ಬಂತು. ಹೊಸ ಬ್ಯಾಟರಿಯನ್ನು ಅಕ್ಕ ನಂಬಲು ಸಿದ್ಧರಿರಲಿಲ್ಲ, ತಪ್ಪು ಹೇಳುವಂತಿಲ್ಲ. ನೇರ ಕರೆಂಟು ಇದ್ದದ್ದು ನಮ್ಮ ಮನೆಯಲ್ಲಿ. ನಾನು ಹಿಂದೆ ಇದೇ ಸಲಹೆ ಕೊಟ್ಟಾಗ ಪಕ್ಕದಲ್ಲಿ ಕುಳಿತು ತಿದ್ದಿಕೊಡುವ ಯೋಚನೆಯೂ ಅದರೊಳಗಿತ್ತು. ಈ ಸಲ ನನ್ನ ಹೆಂಡತಿ ದಾರಿ ತೋರಿಸಿದಳು. “ಅವರು ಬರಲಿ. ನಾವೆಲ್ಲ ಹೊರಗೆ ಹೋಗುವ,” ಎಂದಳು.

ಹಾಗೆಯೇ ಮಾಡಿದೆವು. ಒಂದು ಭಾನುವಾರ ಮಧ್ಯಾಹ್ನ ಊಟ ಮುಗಿದ ಮೇಲೆ ಅಕ್ಕ ಬಂದರು. ನಾನು ಪ್ಲಗ್ಗು ಚುಚ್ಚಿ, ಗುಂಡಿ ಒತ್ತುವುದನ್ನು ಅವರೇ ಬಲ್ಲರಾದ್ದರಿಂದ ಅವರಿಗೇ ಬಿಟ್ಟು, ಹೆಂಡತಿ, ತಾಯಿ, ಮಕ್ಕಳೊಡನೆ ಕೊಡೆ ಹಿಡಿದು ರಸ್ತೆಯಾಚೆಯ ಶಾಲೆಯ ಜಗಲಿಗೆ ಹೋಗಿ ಕುಳಿತೆ. ಮಳೆ ಹನಿಯುತ್ತಿತ್ತು. ಕರೆಂಟು ಹೋಗದಿರಲಿ ಎಂದು ನನ್ನ ತಾಯಿ ಮನಸ್ಸಿನಲ್ಲೇ ಏನೋ ಹರಕೆ ಹೇಳಿಕೊಳ್ಳುತ್ತಿರುವುದು ತುಟಿಗಳ ಚಲನೆಯಿಂದ ತಿಳಿಯುತ್ತಿತ್ತು. ನಾನು ತಡೆಯಲಿಲ್ಲ. ಮುಕ್ಕಾಲು ಗಂಟೆಯ ಮೇಲೆ ಬಾಗಿಲು ತೆರೆಯಿತು. ಈ ಸಲ ಸಲಾಮು ಮೊದಲು ಹೇಳಿದಿರೋ, ವಿಷಯವೋ ಎಂದು ಹೆಂಡತಿ ತಮಾಷೆಗೆ ಕೇಳಿದಳು. ವಿಷಯ ಮೊದಲು, ಸಲಾಮಿಗೆ ಕ್ಯಾಸೆಟ್ಟಿನ ಇನ್ನೊಂದು ಬದಿ ಉಂಟಲ್ಲ ಎಂದು ಅಕ್ಕ ನಕ್ಕರು. ಅವರು ಏನು ಹೇಳಿದರು ಎಂಬುದು ನನಗೆ ತಿಳಿಯದು. ಕೇಳುವ ಆಸೆ ಆಗಲೂ ಇತ್ತು, ಈಗಲೂ ಉಂಟು.

ಒಪ್ಪಿಗೆ ಡಿಸೆಂಬರಿನಲ್ಲಿ ಬಂತು. ಹುಡುಗಿ ಮುಂದಿನ ಜೂನಿನಲ್ಲಿ ಹೈಸ್ಕೂಲು ಸೇರಿದಳು. ತನ್ನ ಹಳೆಯ ಜತೆಗಾರರು ಒಂಬತ್ತನೆಯದರಲ್ಲಿದ್ದಾಗ ಅವಳು ಎಂಟನೆಯದರ ಬೆಂಚಿನಲ್ಲಿ ಕುಳಿತಳು. ದೊಡ್ಡಪ್ಪ ಮೊದಲ ದಿನ ಮಾತು ತಪ್ಪದೆ ಬಂದು ಬಸ್ಸು ಹತ್ತಿಸಿದರು. ಹತ್ತನೆಯ ತರಗತಿ ಪಾಸಾದ ವರ್ಷ ಅವಳು ಪೇಪರಿನಲ್ಲಿ ಸುತ್ತಿದ ಮಿಠಾಯಿ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ನಾನು ಆ ಕಳೆದುಹೋದ ವರ್ಷದ ಮಾತೆತ್ತಿದೆ. ಅವಳು ಹಿಂದಿನಂತೆ ಒಮ್ಮೆ ಕೆಮ್ಮಿ, “ನಿಮ್ಮ ದಯೆಯಿಂದ ಬೀಡಿ ಕಟ್ಟಲಿಕ್ಕೆ ಒಳ್ಳೆ ಕಲಿತೆ ಮಾಸ್ಟ್ರೆ,” ಎಂದಳು. ತಮಾಷೆಯೇ, ಆದರೂ ಪೂರ್ತಿ ತಮಾಷೆಯಾಗಿರಲಿಲ್ಲ. ಹದಿಮೂರನೆಯ ವಯಸ್ಸಿನ ಒಂದು ವರ್ಷವನ್ನು ನಾನು ಅವಳಿಗೆ ಹಿಂದಿರುಗಿಸಿ ಕೊಡಲಾರೆ. ಅವಳನ್ನು ಓದಿಸಿದವನು ನಾನು ಎಂದು ಊರಿನಲ್ಲಿ ಕೆಲವರು ಹೇಳುವುದುಂಟು. ಹಾಗೆ ಹೇಳಿದವರನ್ನು ನಾನು ಪ್ರತಿ ಸಲವೂ ತಿದ್ದಿದ್ದೇನೆ.

ತೋಡಿನಾಚೆಗೆ ಕಂಬಗಳು ಬರುವ ತನಕ ನಮ್ಮ ಜಗಲಿಯ ಕೆಲಸ ಮುಂದುವರಿಯಿತು. ಬ್ಯಾಟರಿ ಒಯ್ದವರ ಮನೆಗೆ ವಾರ ಕಳೆದು ನಾನೇ ಹೋಗಿ, ಹೇಗೆ ನಡೆಯುತ್ತಿದೆ ಎಂದು ಕೇಳುವ ಅಭ್ಯಾಸವಾಯಿತು. ಹೋದಲ್ಲೆಲ್ಲ ಬ್ಯಾಟರಿಯ ವಿಷಯ ಎರಡು ನಿಮಿಷಕ್ಕೆ ಮುಗಿಯುತ್ತಿತ್ತು. ಉಳಿದ ಹೊತ್ತು ಆ ಮನೆಯವರು, ಹೆಚ್ಚಾಗಿ ಹೆಂಗಸರು, ಬೇರೆ ಬೇರೆ ಸಂಗತಿಗಳನ್ನು ಹೇಳುತ್ತಿದ್ದರು. ಮಗಳನ್ನು ಶಾಲೆಗೆ ಕಳಿಸುವುದು ಹೇಗೆ ಎಂಬುದಕ್ಕೆ ಅವರಲ್ಲಿ ಆಗಲೇ ದಾರಿಗಳಿದ್ದವು. ಯಾವ ಬಸ್ಸು, ಯಾರ ಜತೆ, ಯಾವ ನೆಂಟರ ಮನೆ ಎಂದು ಎಲ್ಲವನ್ನೂ ಯೋಚಿಸಿಟ್ಟಿರುತ್ತಿದ್ದರು. ಅದನ್ನು ಕೇಳಬೇಕಾದವರ ಕಿವಿಗೆ ಮುಟ್ಟಿಸುವ ಅನುಕೂಲವೊಂದೇ ಅವರಿಗೆ ಇರುತ್ತಿರಲಿಲ್ಲ.

ಆದ್ದರಿಂದ ಓದುಗರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ನೆರೆಯಲ್ಲಿ ಓದು ನಿಲ್ಲಿಸಿ ಮನೆಯಲ್ಲಿ ಕುಳಿತ ಒಬ್ಬ ಹುಡುಗಿ ಇದ್ದರೆ, ಈ ವಾರ ಅವಳ ತಾಯಿಯ ಬಳಿಗೆ ಹೋಗಿ, ಏನು ಬೇಕೆಂದು ಕೇಳಿ. ಅವರು ಹೇಳಿ ಮುಗಿಸುವ ತನಕ ದಯವಿಟ್ಟು ನೀವು ಮಾತನಾಡಬೇಡಿ.